ಇಜೇರಿ ಸಾಹುಕಾರರನ್ನು ತೂಗಿದ್ದು

ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಹೊರಟ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಇಂಜೆಕ್ಷನ್ ಕೊಡುವಾಗ ಕೈ ನಡುಗಿದರೆ ಏನು ಮಾಡಬೇಕು, ರಕ್ತ ಕಂಡು ತಲೆ ತಿರುಗಿದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಜನರನ್ನು ತೂಗುವುದು ಹೇಗೆ ಎಂದು ಈವರೆಗೆ ಒಬ್ಬಳೂ ಕೇಳಿಲ್ಲ. ಅದರಲ್ಲಿ ಕೇಳುವುದೇನಿದೆ, ಮನುಷ್ಯ ಹತ್ತಿ ನಿಲ್ಲುತ್ತಾನೆ, ಮುಳ್ಳು ತೋರಿಸುತ್ತದೆ, ನಾವು ಬರೆದುಕೊಳ್ಳುತ್ತೇವೆ ಎಂದು ಅವರ ಎಣಿಕೆ. ನನ್ನ ಎಣಿಕೆಯೂ ಹಾಗೇ ಇತ್ತು. ಮೂವತ್ತು ವರ್ಷ ಕೆಲಸ ಮಾಡಿದೆ. ಇಂಜೆಕ್ಷನ್‌ನಿಂದ ಒಮ್ಮೆಯೂ ಮರ್ಯಾದೆ ಹೋಗಲಿಲ್ಲ. ತೂಕದಿಂದ ಮಾತ್ರ ಮೂರು ಊರಿನಲ್ಲಿ ಹೋಯಿತು.

ಮೂರು ಊರು ಏಕೆಂದರೆ, ನಾನು ಕೆಲಸಕ್ಕಿದ್ದ ಡಾಕ್ಟರ್ ಹಣಮಂತರಾಯರಿಗೆ ಮನೆ ಮಾಲೀಕರ ಜೊತೆ ಜಗಳವಾದರೆ ಮನೆ ಬಿಡುವ ಅಭ್ಯಾಸವಿರಲಿಲ್ಲ, ಊರನ್ನೇ ಬಿಡುತ್ತಿದ್ದರು. ಮೊದಲು ಆಳಂದದಲ್ಲಿ ಖಾಸಗಿ ದವಾಖಾನೆ ತೆರೆದರು, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ. ಅವರ ಹಿಂದೆ ಔಷಧದ ಕಪಾಟು, ಕಪಾಟಿನ ಹಿಂದೆ ಎಲ್ಲರೂ 'ಬಾಯಾರ' ಎಂದು ಕರೆಯುವ ನರ್ಸು, ನಾನು. ಒಳ್ಳೆಯ ಡಾಕ್ಟರು, ಕೈಗುಣ ಇದ್ದವರು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ನನಗೂ ಅದು ಕಡಿಮೆ ಇರಲಿಲ್ಲವಾದ್ದರಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಎಪ್ಪತ್ತರ ದಶಕದ ಕೊನೆ, ಆಳಂದದಲ್ಲಿ ನಮಗೆ ತೂಕದ ಯಂತ್ರವೇ ಇರಲಿಲ್ಲ. ಡಾಕ್ಟರು ರೋಗಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ "ಅರವತ್ತೆಂಟು" ಎನ್ನುತ್ತಿದ್ದರು, ನಾನು ಬರೆಯುತ್ತಿದ್ದೆ. ಮುಂದಿನ ಸಲ ಅದೇ ರೋಗಿಗೆ "ಎಪ್ಪತ್ತು" ಎಂದರೆ ಎಪ್ಪತ್ತು. ಒಬ್ಬ ಮಾಸ್ತರರ ಹೆಂಡತಿ, ಮಂಡಿನೋವಿನವರು, ತೂಕ ಇಳಿಸಲೇಬೇಕು ಎಂದಾಗ ಮಾತ್ರ ಡಾಕ್ಟರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಸಾಲಲಿಲ್ಲ. ಆಕೆ ತಂಗಿಯನ್ನು ನೋಡಲು ತಿಂಗಳಿಗೊಮ್ಮೆ ಗುಲ್ಬರ್ಗಾಕ್ಕೆ ಹೋಗುತ್ತಿದ್ದರು. ಅಲ್ಲಿನ ರೈಲು ಸ್ಟೇಷನ್ನಿನಲ್ಲಿ ನಾಣ್ಯ ಹಾಕುವ ಯಂತ್ರದ ಮೇಲೆ ನಿಂತು ಚೀಟಿ ತರಲು ಹೇಳಿದರು. ಚೀಟಿಯ ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ.

ಮೊದಲ ತಿಂಗಳ ಚೀಟಿಯಲ್ಲಿ ಎಪ್ಪತ್ತೆರಡು ಕಿಲೋ, ಹಿಂದೆ "ನಿಮ್ಮ ಶತ್ರುಗಳು ಸೋಲುವರು" ಎಂದಿತ್ತು. ಎರಡನೆಯದರಲ್ಲಿ ಅರವತ್ತೊಂಬತ್ತು, ಹಿಂದೆ "ಕುಟುಂಬದಲ್ಲಿ ಕಲಹ". ಮೂರು ಕಿಲೋ ಇಳಿದದ್ದಕ್ಕೆ ನಾನು ಹಲ್ಲು ಕಿರಿದು ನಿಂತಿದ್ದರೆ ಆಕೆಯ ಮುಖ ಬಾಡಿತ್ತು.

"ಬಾಯಾರ, ಹೊಸ ಸೊಸಿ ಮನಿಗಿ ಬಂದಾಳ. ತೂಕ ಇಳದರ ಜಗಳ ಅಂತ ಬರದದ. ನನಗ ಇಂಥಾ ತೂಕ ಬ್ಯಾಡ್ರಿ" ಎಂದರು.

ಮುಂದಿನ ತಿಂಗಳು ಆಕೆ ಮತ್ತೆ ಎಪ್ಪತ್ತೆರಡಕ್ಕೆ ಏರಿ, ಮನೆಯಲ್ಲಿ ಶಾಂತಿ ಕಾಪಾಡಿದರು. ಡಾಕ್ಟರು ಅಂದೇ ಗುಲ್ಬರ್ಗಾಕ್ಕೆ ಹೋಗಿ ಸ್ಪ್ರಿಂಗಿನ ತೂಕದ ಯಂತ್ರ ಕೊಂಡು ತಂದರು. ಇಟ್ಟಿಗೆ ಬಣ್ಣದ್ದು, ನೆಲದ ಮೇಲೆ ಇಡುವಂಥದ್ದು.

ಆ ಯಂತ್ರ ನಮ್ಮ ಜೊತೆ ಅಫಜಲಪುರಕ್ಕೆ ಬಂತು. ಅಲ್ಲಿ ಅದನ್ನು ಹಾಳು ಮಾಡಿದವರು ಗಾಣಗಾಪುರದ ನರಹರಿ ಭಟ್ಟರು. ಸಕ್ಕರೆ ಕಾಯಿಲೆ, ತೂಕ ಇಳಿಸಬೇಕಿತ್ತು. ಆದರೆ ಚಪ್ಪಲಿ ಕಾಲಿನವರೆಲ್ಲ ಹತ್ತಿಳಿದ ಯಂತ್ರದ ಮೇಲೆ ಮಡಿಯವರು ನಿಲ್ಲುವುದು ಹೇಗೆ? ಡಾಕ್ಟರಿಗೆ ಅವರ ಮೇಲೆ ಗೌರವ. ಎರಡು ತಿಂಗಳು ನಿಮ್ಮ ಮನೆಯಲ್ಲೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ಬರೆದು ಕಳಿಸಿ ಎಂದು ಯಂತ್ರವನ್ನೇ ಕೊಟ್ಟುಬಿಟ್ಟರು. ಮೊದಲ ವಾರ ಎಂಬತ್ತೊಂದು, ಮುಂದೆ ಎಂಬತ್ತು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು. ಅಲ್ಲಿಂದ ಐದು ವಾರ ಎಪ್ಪತ್ತೆಂಟೇ, ಒಂದು ತೊಲ ಹೆಚ್ಚಿಲ್ಲ, ಕಡಿಮೆ ಇಲ್ಲ. ಡಾಕ್ಟರು ಬಂದ ರೋಗಿಗಳಿಗೆಲ್ಲ ಆ ಚೀಟಿಗಳನ್ನು ತೋರಿಸಿ, ನೇಮ ಅಂದರೆ ಹೀಗಿರಬೇಕು ಎಂದು ಉಪದೇಶ ಮಾಡತೊಡಗಿದರು.

ನನಗೆ ಅನುಮಾನ ಬಂತು. ನೇಮ ಎಷ್ಟೇ ಇರಲಿ, ಒಂದು ಲೋಟ ನೀರು ಕುಡಿದರೂ ಮನುಷ್ಯನ ತೂಕ ಅತ್ತಿತ್ತ ಆಗುತ್ತದೆ. ಬಸ್ಸು ಹತ್ತಿ ಹೋಗಿ ನೋಡಿದೆ. ಭಟ್ಟರು ಪ್ರತಿಸಲ ಯಂತ್ರಕ್ಕೆ ಒಂದು ತಂಬಿಗೆ ನೀರು ಸುರಿದು ಶುದ್ಧ ಮಾಡಿ, ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಅದರ ಮೇಲೆ ನಿಲ್ಲುತ್ತಿದ್ದರು. ಒಳಗೆ ಸ್ಪ್ರಿಂಗು ತುಕ್ಕು ಹಿಡಿದು ಎಪ್ಪತ್ತೆಂಟಕ್ಕೆ ಕಚ್ಚಿಕೊಂಡಿತ್ತು. ನಾನು ಹತ್ತಿದೆ, ಎಪ್ಪತ್ತೆಂಟು. ಆಗ ನನ್ನ ಮೈ ನಲವತ್ತೈದು ಕಿಲೋ ದಾಟಿರಲಿಲ್ಲ. ಇಳಿದೆ, ಆಗಲೂ ಎಪ್ಪತ್ತೆಂಟು.

"ಭಟ್ಟರ, ಯಾರೂ ನಿಂತಿಲ್ಲ. ಆದ್ರೂ ಮುಳ್ಳು ಎಪ್ಪತ್ತೆಂಟರ ಮ್ಯಾಲೇ ಅದಲ್ರಿ. ನಿಮಗ ಏನೂ ಅನಸಲಿಲ್ಲೇನು?"

"ಮುಂದಿನ ಗುರುವಾರದ ತನಕ ನನ್ನ ತೂಕ ನೆನಪ ಇಟ್ಕೊಂಡಿರ್ತದ ಅಂತ ತಿಳದಿದ್ದೆನವ್ವ" ಎಂದರು ಭಟ್ಟರು, ಬಹಳ ಸಾತ್ವಿಕವಾಗಿ.

ಅವರನ್ನು ನೋಡಿ ನಗಲು ನನಗೆ ಅಧಿಕಾರವಿರಲಿಲ್ಲ. ಕೊಡುವಾಗ ಇದನ್ನು ಹೇಗೆ ನೋಡಬೇಕು ಎಂದು ಹೇಳಿಕೊಡಬೇಕಾದವಳು ನಾನೇ ತಾನೆ. ಹತ್ತುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ ಎಂಬ ಒಂದು ಮಾತು ಹೇಳಲು ನನಗೆ ಹೊಳೆದಿರಲಿಲ್ಲ. ಡಾಕ್ಟರು ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿ, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಜೇವರ್ಗಿಗೆ ಬರುವ ಹೊತ್ತಿಗೆ ನಾವು ಬುದ್ಧಿ ಕಲಿತಿದ್ದೆವು ಎಂದುಕೊಂಡಿದ್ದೆ. ಡಾಕ್ಟರು ಈ ಸಲ ನಿಂತು ತೂಗುವ ದೊಡ್ಡ ಯಂತ್ರ ತರಿಸಿದರು. ಮೇಲೆ ಅಡ್ಡ ಸಲಾಕೆ, ಅದರ ಮೇಲೆ ಅತ್ತಿತ್ತ ಸರಿಸುವ ಬಟ್ಟು. ಸ್ಪ್ರಿಂಗಿಲ್ಲ, ತುಕ್ಕಿನ ಭಯವಿಲ್ಲ. ಫರಸಿ ಕಲ್ಲಿನ ನೆಲ ಏರುಪೇರು ಇದ್ದದ್ದರಿಂದ ಗೌಂಡಿಯನ್ನು ಕರೆಸಿ ಅದಕ್ಕೊಂದು ಮಟ್ಟಸವಾದ ಕಟ್ಟೆ ಕಟ್ಟಿಸಿದರು. ದಿನಾ ಬೆಳಿಗ್ಗೆ ಸೊನ್ನೆ ನೋಡುವ ಕೆಲಸ ನನ್ನದು.

ಅದರ ಮೇಲೆ ಹತ್ತಿದ ದೊಡ್ಡ ಆಸಾಮಿ ಇಜೇರಿಯ ಚನ್ನಬಸಪ್ಪ ಸಾಹುಕಾರರು. ತೊಗರಿ ಕೊಳ್ಳುವ ವ್ಯಾಪಾರ, ಐವತ್ತೈದರ ವಯಸ್ಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಹೊಟ್ಟೆ. ತೊಡೆಸಂದಿನಲ್ಲಿ ಹರ್ನಿಯಾದ ಗಂಟು. ಅವರ ಅಣ್ಣ ಇದೇ ಗಂಟಿನಲ್ಲಿ ಕರುಳು ಸಿಕ್ಕಿಕೊಂಡು, ಗುಲ್ಬರ್ಗಾಕ್ಕೆ ಒಯ್ಯುವ ದಾರಿಯಲ್ಲೇ ತೀರಿಕೊಂಡಿದ್ದರು. ಆದ್ದರಿಂದ ಸಾಹುಕಾರರಿಗೆ ಆಪರೇಷನ್ನಿನ ಭಯಕ್ಕಿಂತ ಆಪರೇಷನ್ ಆಗದಿದ್ದರೆ ಎಂಬ ಭಯವೇ ಹೆಚ್ಚು. ಅವರ ಹೆಂಡತಿ ಶರಣಮ್ಮನವರಿಗಂತೂ ಆ ಗಂಟು ಕಂಡಾಗಲೆಲ್ಲ ಭಾವನವರ ಕಡೆಯ ರಾತ್ರಿಯೇ ಕಣ್ಣ ಮುಂದೆ ಬರುತ್ತಿತ್ತು.

"ತೊಂಬತ್ತಕ್ಕ ಇಳಸ್ರಿ. ತಿಂಗಳಿಗೊಮ್ಮೆ ಗುಲ್ಬರ್ಗಾದಿಂದ ಸರ್ಜನ್ ಬರ್ತಾರ. ತೊಂಬತ್ತರ ಮ್ಯಾಲ ಒಂದು ಕಿಲೋ ಇದ್ರೂ ಅವರು ಕೈ ಹಚ್ಚಂಗಿಲ್ಲ. ಹೊಟ್ಟಿ ಕೊಬ್ಬಿನಾಗ ಹೊಲಿಗಿ ನಿಲ್ಲಂಗಿಲ್ಲ" ಎಂದರು ಡಾಕ್ಟರು.

ಮೊದಲ ಸೋಮವಾರ ತೂಗಿದೆ, ನೂರಾ ನಾಲ್ಕು. ಎರಡನೆಯ ಸೋಮವಾರ ತೊಂಬತ್ತೊಂಬತ್ತೂವರೆ. ನಾನು ಸಂತೋಷ ತಡೆಯಲಾರದೆ, ಕಾಯುತ್ತ ಕೂತವರಿಗೆಲ್ಲ ಕೇಳುವ ಹಾಗೆ "ಸಾಹುಕಾರ್ರ, ಒಂದ ವಾರದಾಗ ನಾಲ್ಕೂವರಿ ಕಿಲೋ ಇಳದೀರಿ" ಎಂದೆ. ಸಾಹುಕಾರರು ಇಜೇರಿಗೆ ಹೋಗಿ ಅದೇ ಖುಷಿಗೆ ಹೋಳಿಗೆ ಮಾಡಿಸಿದರು. ಹೋಳಿಗೆ ಎಂದಮೇಲೆ ತುಪ್ಪ. ಮೂರನೆಯ ಸೋಮವಾರ ನೂರಾ ಒಂದು.

ಡಾಕ್ಟರು ನನ್ನನ್ನು ಒಳಗೆ ಕರೆದರು. ಮೊದಲ ದಿನ ಅವರ ಮೈಮೇಲೆ ಏನೇನಿತ್ತು ಎಂದು ಕೇಳಿದಾಗ ಒಂದೊಂದಾಗಿ ನೆನಪಿಸಿಕೊಂಡು ಹೇಳಿದೆ. ಹತ್ತು ಮೊಳದ ರುಮಾಲು, ದಪ್ಪ ಕೋಟು, ಮೊಳೆ ಹೊಡೆದ ಜೋಡು, ಕಬ್ಬಿಣದ ಬೀಗದ ಕೈಗಳ ಗೊಂಚಲು, ಎಲೆ ಅಡಿಕೆಯ ಚಂಚಿ, ಕೈಯಲ್ಲಿ ಬೆಳ್ಳಿ ಕಟ್ಟಿನ ಬಡಿಗೆ. ಎರಡನೆಯ ವಾರವೂ ಈ ವಾರವೂ ಬಸ್ಸಿನಲ್ಲಿ ಸೆಕೆಯಾಯಿತೆಂದು ಎಲ್ಲ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದರು. ಡಾಕ್ಟರು ಅವನ್ನೆಲ್ಲ ಒಂದು ಬುಟ್ಟಿಗೆ ತುಂಬಿಸಿ ನನ್ನಿಂದಲೇ ತೂಗಿಸಿದರು. ನಾಲ್ಕು ಕಿಲೋಗೂ ಮೇಲೆ. ನಾನು ಆವತ್ತು ಊರಿಗೆಲ್ಲ ಸಾರಿದ್ದು ರುಮಾಲು ಜೋಡಿನ ತೂಕ. ಮನುಷ್ಯ ಇಳಿದಿರಲೇ ಇಲ್ಲ.

ಅಂದಿನಿಂದ ಒಂದು ನಿಯಮ ಮಾಡಿದೆ. ಧೋತರ, ಬನಿಯನ್ನು, ಅಷ್ಟೇ. ಬೆಳಿಗ್ಗೆ, ಏನೂ ತಿನ್ನದೆ, ಬಯಲಕಡೆ ಹೋಗಿ ಬಂದ ಮೇಲೆ. ಗೋಡೆ ಮುಟ್ಟಬಾರದು, ಹೆಂಡತಿಯ ಭುಜ ಹಿಡಿಯಬಾರದು. ಬಟ್ಟು ಎಲ್ಲಿ ನಿಂತಿತೋ ಅಷ್ಟೇ ಬರೆಯುವುದು, ಬರೆದ ಮೇಲೆ ಹೇಳುವುದು, ಮೆಲ್ಲಗೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಒಳಗೆ ಇಷ್ಟಲಿಂಗ. ಅದನ್ನು ಮೈಯಿಂದ ಬೇರೆ ಮಾಡುವ ಮಾತೇ ಇಲ್ಲ. ಡಾಕ್ಟರು ಅದಕ್ಕೆ ಸರಿಯಾದ ಮಾತು ಹೇಳಿದರು: ವಾರವಾರವೂ ಅದು ಇರುತ್ತದೆ ಎಂದಮೇಲೆ ಅದು ಲೆಕ್ಕ ಕೆಡಿಸುವುದಿಲ್ಲ, ಒಮ್ಮೆ ಇದ್ದು ಒಮ್ಮೆ ಇಲ್ಲದ್ದೇ ಕೆಡಿಸುವುದು. ಹುಡುಗಿಯರಿಗೆ ನಾನು ಹೇಳುವುದೂ ಇಷ್ಟೇ.

ಸಾಹುಕಾರರು ಪಥ್ಯವನ್ನು ತಮ್ಮ ರೀತಿಯಲ್ಲಿ ಮಾಡಿದರು. ಸೋಮವಾರ, ಗುರುವಾರ ಉಪವಾಸ. ಉಪವಾಸವೆಂದರೆ ಸಾಬೂದಾಣಿ ಉಸುಳಿ, ಶೇಂಗಾ ಉಂಡೆ, ಕೆನೆಹಾಲು, ಆರು ಬಾಳೆಹಣ್ಣು. ಉಪವಾಸ ಮಾಡಿದಷ್ಟೂ ತೂಕ ಏರುತ್ತಿತ್ತು. "ದೇವರಿಗಿ ಮಾಡಿದ್ದು ಮೈಗಿ ಹತ್ತಬಾರದಲ್ಲ" ಎಂದು ನನ್ನನ್ನೇ ಕೇಳುತ್ತಿದ್ದರು. ಶರಣಮ್ಮನವರು ಆಮೇಲೆ ಆ ಉಪವಾಸಗಳನ್ನು ನಿಲ್ಲಿಸಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆಗೆ ತಂದು ನಿಲ್ಲಿಸಿದರು. ತೊಂಬತ್ತೆಂಟು, ತೊಂಬತ್ತಾರು, ತೊಂಬತ್ತೈದು. ತೊಂಬತ್ನಾಲ್ಕಕ್ಕೆ ಬಂದು ಬಂಡಿ ಹೂತುಹೋಯಿತು. ಮೂರು ವಾರ ಅಲ್ಲೇ.

ಸರ್ಜನ್ ಬರುವ ದಿನ ಬಂತು. ಬೆಳಿಗ್ಗೆ ಸಾಹುಕಾರರು ನಗುತ್ತ ಒಳಗೆ ಬಂದು ಕೈಯಲ್ಲಿದ್ದ ಚೀಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟರು. ತಮ್ಮ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿದ್ದರು. ಒಂದು ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಇನ್ನೊಂದು ತಟ್ಟೆಯಲ್ಲಿ ಇಪ್ಪತ್ತು ಕಿಲೋದ ನಾಲ್ಕು ಕಲ್ಲು, ಮೇಲೆ ಹತ್ತರದ್ದೊಂದು. ಸರಿಯಾಗಿ ತೊಂಬತ್ತು.

ನಾನು ನಮ್ಮ ಯಂತ್ರದ ಮೇಲೆ ಹತ್ತಿಸಿದೆ. ತೊಂಬತ್ನಾಲ್ಕು.

"ನಿಮ್ಮ ಮಸೀನ ಸುಳ್ಳ ಹೇಳಾಕತ್ತದ" ಎಂದರು ಸಾಹುಕಾರರು. "ಹಿಂದಕ ನೀವ ನಾಲ್ಕೂವರಿ ಕಿಲೋ ಇಳದೀನಿ ಅಂತ ಊರ ತುಂಬ ಸಾರಿದ್ರಿ, ಆಮ್ಯಾಲ ಇಲ್ಲ ಅಂದ್ರಿ. ನನ್ನ ಅಂಗಡಿ ತಕ್ಕಡಿ ಮೂವತ್ತು ವರ್ಷದಿಂದ ಹೊಳ್ಳಿ ಮಾತಾಡಿಲ್ಲ."

ನನ್ನ ತಪ್ಪನ್ನು ಎತ್ತಿ ಆಡಿದ್ದು ನನಗೆ ನಾಟಿತು. ಡಾಕ್ಟರಿಗೂ ಅನುಮಾನ ಹುಟ್ಟಿದ್ದನ್ನು ಕಂಡು ಇನ್ನೂ ಉರಿಯಿತು. ಸರ್ಜನ್ ಬರಲು ಎರಡು ಗಂಟೆ ಇತ್ತು. ಈ ಮನುಷ್ಯನ ಹೊಟ್ಟೆ ಕೊಯ್ಯಬೇಕೋ ಬೇಡವೋ ಎನ್ನುವುದು ಯಾವ ತೂಕ ಖರೆ ಎನ್ನುವುದರ ಮೇಲೆ ನಿಂತಿತ್ತು.

"ಜಗಳ ಯಾಕ್ರಿ? ನಿಮ್ಮ ಕಲ್ಲು ತರಸ್ರಿ. ಈ ಮಸೀನಿನ ಮ್ಯಾಲೇ ಇಟ್ಟು ನೋಡೂಣು. ಇಪ್ಪತ್ತರ ಕಲ್ಲಿಗಿ ಇಪ್ಪತ್ತು ತೋರಸಲಿಲ್ಲಂದ್ರ ನಾ ಇವತ್ತ ಕೆಲಸ ಬಿಡ್ತೇನಿ" ಎಂದೆ.

ಸಾಹುಕಾರರು ಯಾಕೋ ಹಿಂದೇಟು ಹಾಕಿದರು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಬ್ಯಾಡ ಬಿಡ್ರಿ, ಭಾರ ಇರ್ತಾವ ಎಂದು ಏನೋ ಹೇಳಿದರು. ಆದರೆ ಶರಣಮ್ಮನವರು ಆಗಲೇ ಎದ್ದಿದ್ದರು. ಗಂಡನ ಮಾತು ಗೆದ್ದರೆ ಅಂದೇ ಆಪರೇಷನ್ ಆಗುತ್ತದೆ ಎಂಬ ಆಸೆ ಅವರಿಗೆ. ಇಜೇರಿಯಿಂದ ಬಂದ ಜೀಪು ಹೊರಗೇ ನಿಂತಿತ್ತು. ಅದನ್ನು ತಿರುಗಿ ಕಳಿಸಿ ನಾಲ್ಕೂ ಕಲ್ಲು ತರಿಸಿಬಿಟ್ಟರು.

ಮೊದಲ ಕಲ್ಲು ಇಟ್ಟೆ. ಇಪ್ಪತ್ತೊಂದು.

ಕೆಲಸ ಬಿಡುತ್ತೇನೆ ಎಂದ ಮಾತು ಇನ್ನೂ ಬಾಯಲ್ಲಿ ಬಿಸಿಯಾಗಿತ್ತು. ಎರಡನೆಯದು ಇಟ್ಟೆ, ಇಪ್ಪತ್ತೊಂದು. ಮೂರು, ನಾಲ್ಕು, ಎಲ್ಲವೂ ಇಪ್ಪತ್ತೊಂದು. ಡಾಕ್ಟರು ನನ್ನ ಕಡೆ ನೋಡಿದ ನೋಟ ಗಾಣಗಾಪುರದ ಚೀಟಿ ಹರಿದಾಗಿನದೇ. ಆದರೆ ನಾನು ಬೆಳಿಗ್ಗೆ ಸೊನ್ನೆ ನೋಡಿದ್ದೆ, ಅದು ಸರಿ ಇತ್ತು. ಎದುರಿನ ಕಿರಾಣಿ ಅಂಗಡಿಗೆ ಓಡಿ, ಸರ್ಕಾರಿ ಮುದ್ರೆಯ ಐದೈದು ಕಿಲೋದ ನಾಲ್ಕು ಕಲ್ಲು ಕೇಳಿ, ಎರಡು ಸಲಕ್ಕೆ ಹೊತ್ತು ತಂದೆ. ನಾಲ್ಕನ್ನೂ ಇಟ್ಟೆ. ಸಲಾಕೆ ಇಪ್ಪತ್ತಕ್ಕೆ ಬಂದು ನೆಟ್ಟಗೆ ನಿಂತಿತು.

ಡಾಕ್ಟರು ಸಾಹುಕಾರರ ಕಲ್ಲೊಂದನ್ನು ಕಷ್ಟಪಟ್ಟು ಮಗುಚಿ ಹಾಕಿದರು. ತಳದ ಕುಳಿಯಲ್ಲಿ ಸೀಸ ತುಂಬಿತ್ತು, ಮೇಲೆ ಕಪ್ಪು ಬಣ್ಣ ಬಳಿದಿತ್ತು. ಕೊಳ್ಳುವಾಗಿನ ಕಲ್ಲು. ರೈತ ಇಪ್ಪತ್ತೊಂದು ಕಿಲೋ ತೊಗರಿ ಹಾಕಿದಾಗ ಇಪ್ಪತ್ತು ಎಂದು ಹೇಳುವ ಕಲ್ಲು. ಅದೇ ಕಲ್ಲು ತೊಂಬತ್ನಾಲ್ಕು ಕಿಲೋದ ಯಜಮಾನನಿಗೆ ತೊಂಬತ್ತು ಎಂದು ಹೇಳಿತ್ತು. ನನಗೆ ನಗು ಬಂತು. ಶರಣಮ್ಮನವರ ಮುಖ ನೋಡಿ ನುಂಗಿಕೊಂಡೆ.

"ತವರಿನಿಂದ ನಮ್ಮ ಅಣ್ಣ ವರ್ಷಾ ವರ್ಷಾ ತೊಗರಿ ತಂದು ನಿಮಗೇ ಹಾಕ್ತಾನ. ಇದೇ ಕಲ್ಲಿನಾಗ ತೂಗಿದ್ರೇನ್ರಿ?" ಎಂದರು ಆಕೆ.

ಸಾಹುಕಾರರು ಧೋತರದ ಚುಂಗು ಸರಿಪಡಿಸಿಕೊಳ್ಳುತ್ತ ನಿಂತರು.

"ನಿಮಗ ಗೊತ್ತಿತ್ತಲ್ರಿ ಇದು" ಎಂದೆ ನಾನು. ಬಾಯಿ ಬಿಗಿಹಿಡಿಯುವುದು ನನಗೆ ಎಂದೂ ಬರಲಿಲ್ಲ.

"ಗೊತ್ತಿತ್ತವ್ವ" ಎಂದರು ಅವರು, ಆ ದೊಡ್ಡ ದನಿ ಎಲ್ಲೋ ಹೋಗಿತ್ತು. "ನಾ ತಟ್ಟಿಯೊಳಗ ಕೂತಾಗ ಮಾತ್ರ ನೆನಪ ಆಗಲಿಲ್ಲ."

ಅವರು ಸುಳ್ಳು ಹೇಳಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ. ತೂಕ ಇಳಿಸಲು ಹೊರಟ ಎಷ್ಟೋ ಜನರನ್ನು ಆಮೇಲೆ ನೋಡಿದ್ದೇನೆ. ಒಂದು ಕಾಲು ಎತ್ತಿ ನಿಲ್ಲುವವರು, ಉಸಿರು ಬಿಟ್ಟು ನಿಲ್ಲುವವರು, ಯಂತ್ರವನ್ನು ಕೌದಿಯ ಮೇಲೆ ಇಟ್ಟು ನಿಲ್ಲುವವರು. ತನಗೆ ಬೇಕಾದ ಅಂಕಿ ಕಂಡಾಗ ಮನುಷ್ಯನಿಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಅಂದು ಸರ್ಜನ್ ಅವರನ್ನು ಮುಟ್ಟಲಿಲ್ಲ. ಮುಂದಿನ ಎರಡು ಸೋಮವಾರ ಇಜೇರಿಯ ಕಡೆಯಿಂದ ಯಾರೂ ಬರಲಿಲ್ಲ. ನಾಲ್ಕು ಜನರೆದುರು ಮಾನ ತೆಗೆದೆ, ಆ ಸಿಟ್ಟಿಗೆ ಮನುಷ್ಯ ಮನೆಯಲ್ಲೇ ಕೂತು, ಗಂಟಿನಲ್ಲಿ ಕರುಳು ಸಿಕ್ಕಿಕೊಂಡರೆ ಯಾರ ತಲೆಗೆ? ಖರೆ ತೂಕ ಹೇಳಿದೆ ಎಂಬ ಹೆಮ್ಮೆ ಎರಡೇ ದಿನಕ್ಕೆ ಇಳಿದು ಹೋಗಿತ್ತು. ಬಸ್ಸಿನಿಂದ ಇಳಿಯುವವರನ್ನು ಕಿಟಕಿಯಿಂದ ನೋಡುವುದೇ ಕೆಲಸವಾಯಿತು.

ಮೂರನೆಯ ಸೋಮವಾರ ಗಂಡ ಹೆಂಡತಿ ಇಬ್ಬರೂ ಬಂದರು. ಸಾಹುಕಾರರು ನನ್ನ ಮುಖ ನೋಡದೆ ರುಮಾಲು, ಜೋಡು, ಬೀಗದ ಕೈ ಎಲ್ಲ ತಾವೇ ಬಿಚ್ಚಿಟ್ಟು ಹತ್ತಿದರು. ತೊಂಬತ್ತೆರಡು. ಶರಣಮ್ಮನವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ಆಪರೇಷನ್ ಕಾಗದಕ್ಕ ನನ್ನ ಹೆಬ್ಬಟ್ಟ ಬೇಕಲ್ರಿ ಬಾಯಾರ? ಆ ಕಲ್ಲು ಅಂಗಡ್ಯಾಗ ಇರೂತನಕ ಹೆಬ್ಬಟ್ಟ ಒತ್ತಂಗಿಲ್ಲ ಅಂದೇನಿ. ಈಗ ಹೊಸಾವು ತಂದಾರ."

"ಹಳೇವು?"

"ಹಿತ್ತಲದಾಗ ಹುಗದು ನಾಲ್ಕಕ್ಕೂ ನಾಲ್ಕು ಎಮ್ಮಿ ಕಟ್ಟೇನಿ. ಜಗ್ಗಿದ್ರೂ ಹಂದಂಗಿಲ್ಲ. ಭಾರಿ ಗಟ್ಟಿ ಅವ."

ಮತ್ತೆ ಸರ್ಜನ್ ಬರುವ ದಿನ ಬಂತು. ಸಾಹುಕಾರರು ಬೆಳಿಗ್ಗೆಯಿಂದ ನೀರು ಸಹ ಕುಡಿದಿರಲಿಲ್ಲ. ಹತ್ತಿದರು. ಬಟ್ಟನ್ನು ಸರಿಸಿದೆ, ಮತ್ತೆ ಸರಿಸಿದೆ. ತೊಂಬತ್ತೊಂದು. ಡಾಕ್ಟರು ಸಲಾಕೆ ನೋಡಿದರು, ಸಾಹುಕಾರರ ಮುಖ ನೋಡಿದರು, ಇಳಿದುಹೋದ ಗಲ್ಲ ನೋಡಿದರು. ಸಿಟ್ಟಿನ ಮನುಷ್ಯನ ಕರುಳೂ ಬಲು ಮೆತ್ತಗಿರುತ್ತದೆ.

"ತೊಂಬತ್ತು ಅಂತ ಬರೀರಿ ಬಾಯಿ" ಎಂದರು. "ಒಂದು ಕಿಲೋದಾಗ ಏನ್ ಹೋಗ್ತದ."

ನಾನು ಪೆನ್ನು ಹಿಡಿದು ನಿಂತೆ. ನಿಜ ಹೇಳುತ್ತೇನೆ, ಬರೆಯಲು ಮನಸ್ಸಾಗಿತ್ತು. ಇನ್ನೊಂದು ತಿಂಗಳು ಆ ಗಂಟನ್ನು ಹೊತ್ತು ಈ ಮನುಷ್ಯ ಬದುಕುತ್ತಾನೋ ಇಲ್ಲವೋ ಎಂಬ ಅಂಜಿಕೆ ನನಗೂ ಇತ್ತು. ಯಂತ್ರದ ಮೇಲಿಂದ ಇಳಿಯದೆಯೇ ಸಾಹುಕಾರರು ಕೈ ಅಡ್ಡ ಮಾಡಿದರು.

"ತೊಂಬತ್ತೊಂದು ಬರೀರಿ, ಬಾಯಾರ. ಈ ಒಂದು ಕಿಲೋ ಇಳಸಾಕ ನನಗ ಎಂಟು ದಿನ ಹಿಡದದ. ರೊಟ್ಟಿ ಬಿಟ್ಟೇನಿ, ತುಪ್ಪ ಬಿಟ್ಟೇನಿ, ಹೊಲದ ತನಕ ನಡದೇನಿ. ಚೀಲ ತೊಗರಿಗಿ ಐದೈದು ಕಿಲೋ ಮೂವತ್ತು ವರ್ಷ ಕೂತಲ್ಲೇ ಇಳಸೇನಿ. ಒಂದು ಕಿಲೋ ಅಂದ್ರ ಎಷ್ಟಂತ ಈಗ ನನ್ನ ಮೈಗಿ ಗೊತ್ತದ."

ನಾನು ತೊಂಬತ್ತೊಂದು ಎಂದೇ ಬರೆದೆ. ಸರ್ಜನ್ ಚಹಾ ಕುಡಿದು ಗುಲ್ಬರ್ಗಾಕ್ಕೆ ಹೊರಟುಹೋದರು. ಸಾಹುಕಾರರು ಗಂಟಿಗೆ ಪಟ್ಟಿ ಬಿಗಿದುಕೊಂಡು, ಒಂದು ಕೈ ಅದರ ಮೇಲೆ ಒತ್ತಿ ಹಿಡಿದು ಇಜೇರಿ ಬಸ್ಸು ಹತ್ತಿದರು. ಆ ತಿಂಗಳು ಕಳೆಯುವುದರೊಳಗೆ ಅವರಿಗಿಂತ ಹೆಚ್ಚು ನಾನೇ ಸವೆದೆ ಎಂದು ಡಾಕ್ಟರು ಚೇಷ್ಟೆ ಮಾಡಿದರು. ಮುಂದಿನ ಸಲ ಎಂಬತ್ತೊಂಬತ್ತೂವರೆ ಇತ್ತು. ಶರಣಮ್ಮನವರು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು, ಆಪರೇಷನ್ ಕಾಗದದ ಮೇಲೆ ಬಹಳ ಹೊತ್ತು ಒತ್ತಿ ಹಿಡಿದರು.